ಕೆಂಡಣ್ಣ ತೆಗೆಸಿದ ಕೋಡ್

“ಅರ್ಧ ಚಿತ್ರ ನುಂಗಿದ್ದು ಮೋಡ ಅಲ್ಲ ಸಾರ್, ನೀವು!” ಎಂದಳು ಕೋಡ್ ಬರೆಯುವ ಲೆಕ್ಕದಮ್ಮ.

“ಬಾಯಿ ಮುಚ್ಚಮ್ಮ! ನನ್ನ ಗುರಿ ಕೂದಲೆಳೆಯಷ್ಟೂ ತಪ್ಪಿಲ್ಲ!” ಎಂದು ಉಪಗ್ರಹ ಕೇಂದ್ರದ ಹಿರಿಯ ಇಂಜಿನಿಯರ್, ಎಲ್ಲರ ಬಾಯಲ್ಲಿ ಕೆಂಡಣ್ಣ, ಮೇಜು ಗುದ್ದಿದ. ಕೈ ಚುರ್ರೆಂದಿತು, ತೋರಿಸಿಕೊಳ್ಳಲಿಲ್ಲ.

ಗುರಿಯೇನೋ ತಪ್ಪಿರಲಿಲ್ಲ. ಚಿತ್ರ ಹೊತ್ತು ತರುವ ಉಪಗ್ರಹದ ಲೇಸರ್ ನೆಟ್ಟಗೆ ಕೇಂದ್ರದ ದೂರದರ್ಶಕಕ್ಕೇ ಬಿದ್ದಿತ್ತು. ಆದರೆ ನಡುವೆ ಮೋಡ ಬಂದು ಒಂದಿಷ್ಟು ಕಳೆದುಹೋದರೆ ಅದನ್ನು ಮತ್ತೆ ಕಟ್ಟಿಕೊಳ್ಳಲೆಂದು ಅವಳು ಸೇರಿಸಿದ್ದ ಹೆಚ್ಚುವರಿ ಬಿಟ್‌ಗಳನ್ನು, ನೋಡಲು ಬಂದ ದೊಡ್ಡವರೆದುರು ಚಿತ್ರ ಇಳಿಯುವ ವೇಗ ಮೆರೆಸುವ ಹುಚ್ಚಿನಲ್ಲಿ ಈ ಮಹಾನುಭಾವನೇ ಬೆಳಿಗ್ಗೆ ತೆಗೆಸಿದ್ದ. ಅಂಗೈಯಗಲದ ಮೋಡವೊಂದು ಬಂದು ಚಿತ್ರದ ಜೊತೆ ಅವನ ಮಾನವನ್ನೂ ಒಯ್ದಿತ್ತು.

“ತಪ್ಪು ನನ್ನ ಕೋಡ್‌ದು ಅಂತ ಮೇಲಿನವರಿಗೆ ಬರೆದಿದ್ದೀರಲ್ಲ, ಆ ಒಂದು ಸಾಲು ತಿದ್ದಿ. ನಾನು ಕೆಲಸದಲ್ಲಿ ಇರ್ತೀನಿ. ಇಲ್ಲಾಂದ್ರೆ ಹೊರಟೆ.”

ಸೆಕೆಂಡಿಗೆ ಲಕ್ಷ ತಪ್ಪು ತಿದ್ದುವ ಯಂತ್ರಗಳ ನಡುವೆ ಇಪ್ಪತ್ತು ವರ್ಷ ಕೂತವನು ಕೀಬೋರ್ಡ್ ಎಳೆದುಕೊಂಡ. “ನಾನು” ಎಂದು ಟೈಪು ಮಾಡಿದ, ಅಳಿಸಿದ. ಕೊನೆಗೆ, “ಈ ಕೀಬೋರ್ಡೇ ಸರಿ ಇಲ್ಲ” ಎಂದು ಗೊಣಗಿದ.

ಲೆಕ್ಕದಮ್ಮ ಗುರುತಿನ ಚೀಟಿಯನ್ನು ಮೇಜಿನ ಮೇಲಿಟ್ಟು, ಚೀಲ ಹೆಗಲಿಗೇರಿಸಿ ಹೊರಟಳು. ನಾಳೆ ಬಂದೇ ಬರುತ್ತಾಳೆ ಎಂದುಕೊಂಡ ಕೆಂಡಣ್ಣ. ಅವಳು ಬರಲಿಲ್ಲ.