ಮೆಲ್ಲನೆ ಮಾತಾಡುವ ಪಾಠ

ಶಿಡ್ಲಘಟ್ಟದ ಸಾದಿಕ್ ಪಾಷಾರ ಫಿಲೇಚರಿನಲ್ಲಿ ಹತ್ತು ಹೆಂಗಸರು ಬೇಯಿಸಿದ ಗೂಡುಗಳಿಂದ ರೇಷ್ಮೆ ಎಳೆ ತೆಗೆಯುತ್ತಿದ್ದರು. ಮೋಟಾರು ಶುರುವಾಯಿತೆಂದರೆ ಪಕ್ಕದಲ್ಲಿ ಕೂತವರಿಗೂ ಕೂಗಿಯೇ ಹೇಳಬೇಕು. ೧೯೯೩ರಲ್ಲಿ ಪಾಷಾರ ಮಗಳು ಜಾಹಿದಾ ಜಪಾನಿ ಭಾಷೆ ಕಲಿತದ್ದು ಆ ಸದ್ದಿನ ನಡುವೆಯೇ.

ರೇಷ್ಮೆ ವಿಷಯದಲ್ಲಿ ಬಿ.ಎಸ್ಸಿ. ಮಾಡಿದ್ದ ಅವಳನ್ನು ಜಪಾನಿನ ವಿಶ್ವವಿದ್ಯಾಲಯವೊಂದು ವಿದ್ಯಾರ್ಥಿವೇತನ ಕೊಟ್ಟು ಓದಿಸಲು ಒಪ್ಪಿತ್ತು. ಆದರೆ ಆರು ತಿಂಗಳೊಳಗೆ ಭಾಷೆ ಕಲಿತು, ಬೆಂಗಳೂರಿನಲ್ಲಿ ಪರೀಕ್ಷಕರ ಎದುರು ಮಾತಾಡಿ ಪಾಸಾಗಬೇಕು. ತಪ್ಪಿದರೆ ಜಾಗ ಬೇರೆಯವರ ಪಾಲು. ಭಾನುವಾರ ಬಸ್ಸು ಹತ್ತಿ ಬೆಂಗಳೂರಿನ ವೆಂಕಟೇಶಮೂರ್ತಿ ಮೇಷ್ಟ್ರ ಹತ್ತಿರ ಪಾಠ. ಉಳಿದ ದಿನ ಅಬ್ಬಾ ಗೂಡಿನ ಮಾರುಕಟ್ಟೆಗೆ ಹೋದಾಗ ಫಿಲೇಚರ್ ನೋಡಿಕೊಳ್ಳುತ್ತ, ಮೂಟೆಯ ಮೇಲೆ ಟೇಪ್ ರೆಕಾರ್ಡರ್ ಇಟ್ಟು, ಮೋಟಾರಿನ ಸದ್ದನ್ನೂ ಮೀರಿಸಿ ಪಾಠ ಒಪ್ಪಿಸುತ್ತಿದ್ದಳು.

"ಯಾರ ಮೇಲೆ ಜಗಳಮ್ಮಾ?" ಎಂದು ಎಳೆ ತೆಗೆಯುವ ಹೆಂಗಸರಲ್ಲಿ ಹಿರಿಯಳಾದ ಆಂಜಿನಮ್ಮ ಕೂಗಿ ಕೇಳುವಳು.

"ನಮಸ್ಕಾರ ಅಂದೆ, ಆಂಜಿನಮ್ಮಾ!"

"ಅಯ್ಯೋ ದೇವುಡಾ! ಇಂಥ ನಮಸ್ಕಾರಕ್ಕೆ ಎದುರಿಗಿರೋರು ಓಡಿಹೋಗ್ತಾರೆ ಕಣಮ್ಮಾ."

ಪರೀಕ್ಷೆಗೆ ಮೂರು ವಾರ ಇದ್ದಾಗ ಮೇಷ್ಟ್ರು ತಾವೇ ಪರೀಕ್ಷಕರಂತೆ ಕೂತು ಪ್ರಶ್ನೆ ಕೇಳಿದರು. ಜಾಹಿದಾ ಉತ್ತರಿಸಿದಳು. ಪಕ್ಕದ ಕೋಣೆಯವರು ಬಂದು ಇಣುಕಿದರು.

"ಒಂದು ತಪ್ಪೂ ಇಲ್ಲಮ್ಮ," ಎಂದರು ಮೇಷ್ಟ್ರು. "ಆದ್ರೆ ನನ್ನ ಬೈತಿರೋ ಹಾಗಿದೆ. ಸ್ವಲ್ಪ ಮೆಲ್ಲಗೆ ಹೇಳಿ."

ಮೆಲ್ಲಗೆ ಹೇಳಹೋದರೆ ಮಾತೇ ಬರಲಿಲ್ಲ. ಕಲಿತ ಪದಗಳೆಲ್ಲ ಆ ಕೂಗಿಗೇ ಅಂಟಿಕೊಂಡಿದ್ದವು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಪಿಸುಗುಟ್ಟಿ ನೋಡಿದಳು. ಎರಡು ವಾಕ್ಯಕ್ಕೇ ತಡವರಿಸಿದಳು. ಮನೆಯಲ್ಲಿ ಮೂವರು ತಮ್ಮಂದಿರ ಗಲಾಟೆ. ಮರುದಿನ ಅವಳ ಬಾಡಿದ ಮುಖ ನೋಡಿ ಆಂಜಿನಮ್ಮ ವಿಷಯ ಬಾಯಿಬಿಡಿಸಿದಳು.

ಮಧ್ಯಾಹ್ನ ಊಟಕ್ಕೆಂದು ಮೋಟಾರು ನಿಲ್ಲುತ್ತಿದ್ದುದು ಅರ್ಧ ಗಂಟೆ. ಹೆಂಗಸರು ಮನಸ್ಸಿಟ್ಟು ಮಾತಾಡಲು ಇದ್ದ ಹೊತ್ತು ಅದೊಂದೇ. ಅಂದು ಬುತ್ತಿ ಬಿಚ್ಚುವಾಗ ಆಂಜಿನಮ್ಮ ಎಲ್ಲರಿಗೂ ಕೇಳುವಂತೆ ಹೇಳಿದಳು: "ಇವತ್ತಿಂದ ಊಟದ ಹೊತ್ತಲ್ಲಿ ಯಾರೂ ಬಾಯಿ ಬಿಡಬಾರದು. ಬಿಟ್ಟೋರಿಗೆ ನನ್ನ ಉಪ್ಪಿನಕಾಯಿ ಇಲ್ಲ."

"ನನ್ನ ಸೊಸೆ ವಿಷ್ಯ ಅರ್ಧಕ್ಕೇ ನಿಂತಿದೆಯಲ್ಲಕ್ಕಾ!" ಎಂದು ಅಕ್ಕಯ್ಯಮ್ಮ ಗೋಗರೆದಳು.

"ನಿನ್ನ ಸೊಸೆ ಎಲ್ಲೂ ಹೋಗಲ್ಲ. ಹೋಗೋದು ಈ ಹುಡುಗಿ. ಮುದ್ದೆ ನುಂಗು."

ಹತ್ತು ಜನ ಮಾತು ನುಂಗಿಕೊಂಡು ಉಂಡರು. ಆಂಜಿನಮ್ಮ ಬಾಗಿಲ ಬಳಿ ಕೂತಳು. ಆಚೆ ಗೋಡೆಯ ಬಳಿ ಜಾಹಿದಾ ಜಪಾನಿ ಪಾಠ ಒಪ್ಪಿಸುವ ದನಿ ಅಲ್ಲಿಗೆ ಜೋರಾಗಿ ಕೇಳಿಸಿದರೆ ಎಡಗೈ ಎತ್ತುವಳು, ಆಗ ಹುಡುಗಿ ಇನ್ನೂ ತಗ್ಗಿಸಬೇಕು. ಮೊದಲ ದಿನ ಆ ಕೈ ಕೆಳಗಿಳಿಯಲೇ ಇಲ್ಲ. ಎರಡನೇ ವಾರದ ಹೊತ್ತಿಗೆ ಅಪರೂಪಕ್ಕೆ ಎದ್ದಿತು. ಮೂರನೆಯ ವಾರ ಆಂಜಿನಮ್ಮ ನಿಶ್ಚಿಂತೆಯಿಂದ ಎರಡು ಮುದ್ದೆ ಉಂಡಳು.

ಪರೀಕ್ಷೆಯ ದಿನ, ಊರಿನಲ್ಲಿ ರೇಷ್ಮೆ ಹೇಗೆ ತೆಗೆಯುತ್ತಾರೆಂದು ಕೇಳಿದರು. ಬಿಸಿನೀರಿನಲ್ಲಿ ಕೈಯಾಡಿಸುವ ಹೆಂಗಸರ ಬಗ್ಗೆ ಜಾಹಿದಾ ನಿಧಾನವಾಗಿ, ಮೆತ್ತಗೆ ಹೇಳಿದಳು. ಪರೀಕ್ಷಕರು ಬರೆಯುವುದನ್ನು ನಿಲ್ಲಿಸಿ ಕಿವಿಗೊಟ್ಟರು. ಸಂಜೆಯೇ ಪಾಸಾದ ಸುದ್ದಿ ಸಿಕ್ಕಿತು.

ಮರುದಿನ ಮೋಟಾರು ನಿಂತಾಗ ಜಾಹಿದಾ ಎಲ್ಲರಿಗೂ ಸಿಹಿ ಹಂಚಿದಳು. ಆಂಜಿನಮ್ಮ ಅವಳ ಕೆನ್ನೆ ಸವರಿ, ಆಮೇಲೆ ಅಕ್ಕಯ್ಯಮ್ಮನ ಕಡೆ ತಿರುಗಿ, "ಹೂಂ, ಈಗ ಹೇಳೇ ನಿನ್ನ ಸೊಸೆ ಕಥೆ," ಎಂದಳು.

ಮೂರು ವಾರದ ಮಾತು ಒಮ್ಮೆಲೇ ಹೊರಬಿತ್ತು. ಅರ್ಧ ಗಂಟೆ ಕಳೆದು ಮತ್ತೆ ಹತ್ತು ನಿಮಿಷವಾಯಿತು. ಬಾಗಿಲಿಗೆ ಬಂದ ಸಾದಿಕ್ ಪಾಷಾ ಗಡಿಯಾರ ನೋಡಿಕೊಂಡರು. ಮಗಳು ಹೆಂಗಸರ ನಡುವೆ ನಗುತ್ತ ಕೂತಿದ್ದಳು. ಅವರು ಸದ್ದಿಲ್ಲದೆ ಹಿಂದಕ್ಕೆ ಸರಿದು, ಹೊರಗೆ ನಿಂತು ಕಾಯ್ದರು.