ಬಂದ ಕರೆ: ಸೊನ್ನೆ

ನಮ್ಮಕ್ಕನಿಗೆ ಹದಿನೈದು ದಿನದಿಂದ ಮಲಗೋಕೆ ಆಗ್ತಿರಲಿಲ್ಲ. ಮಲಗಿದರೆ ಉಸಿರು ಕಟ್ಟೋದು. ಗೋಡೆಗೆ ದಿಂಬು ಒರಗಿಸಿ ಕೂತೇ ಬೆಳಗು ಮಾಡ್ತಿದ್ದಳು. ಕಾಲು ಊದಿ ಚಪ್ಪಲಿ ಹಿಡಿಸ್ತಿರಲಿಲ್ಲ. ಮೈಯೆಲ್ಲ ತುರಿಕೆ. ಕೆರೆದು ಕೆರೆದು ರಕ್ತ ಬಂದ ಕಡೆ ಭಾವ ಎಣ್ಣೆ ಹಚ್ಚೋರು.

ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ಚಾದರ ಒಗೆದವಳು ಅಕ್ಕ. ನಾನು ಅಲ್ಲೇ ಕಸ ಗುಡಿಸೋಳು. ಅವಳ ಎರಡು ಕಿಡ್ನಿಯೂ ಕೈಕೊಟ್ಟಾಗ ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ.

"ನಿಮ್ಮ ಹಾರ್ಟ್ ತುಂಬ ವೀಕ್ ಇದೆ. ಡಯಾಲಿಸಿಸ್ ಮಾಡಿದ್ರೂ ಹೆಚ್ಚು ದಿನ ಸಿಗುತ್ತೆ ಅಂತ ಹೇಳೋಕಾಗಲ್ಲ. ಬೇಡ ಅಂದ್ರೆ ಮನೇಲೇ ಇರಬಹುದು. ವಾರಕ್ಕೆರಡು ಸಲ ನರ್ಸ್ ಬರ್ತಾರೆ. ಉಸಿರಿಗೆ, ತುರಿಕೆಗೆ, ನೋವಿಗೆ ಔಷಧಿ ಕೊಡ್ತಾರೆ. ನರಳೋಕೆ ಬಿಡಲ್ಲ," ಅಂದರು.

ಅಕ್ಕ ಒಂದು ದಿನ ಪೂರ್ತಿ ಯೋಚಿಸಿದಳು. "ಜೀವಮಾನವೆಲ್ಲ ಮಿಷನ್ ಮುಂದೇನೇ ನಿಂತಿದ್ದೀನಿ ಕಣೆ. ಇನ್ನು ಮಿಷನ್ನಿಗೆ ಕಟ್ಟಾಕ್ಕೊಂಡು ಕೂರೋಕೆ ಕೈಲಾಗಲ್ಲ. ಮನೇಲೇ ಇರ್ತೀನಿ," ಅಂದಳು. ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ.

ಆ ಏರ್ಪಾಟಿಗೆ 'ನೆಮ್ಮದಿ ಸೇವೆ' ಅಂತ ಹೆಸರು. ಯೋಜನಾಧಿಕಾರಿ ಬಂದು ರಿಬ್ಬನ್ ಕತ್ತರಿಸಿದರು. ಮಾತಿಗೊಂದು ಸಲ ಕರ್ಚೀಫಿನಲ್ಲಿ ಬಾಯಿ ಒರೆಸ್ಕೊಳ್ತಾರೆ, ಅದಕ್ಕೇ ನಾವು ಅವರನ್ನ ಕರ್ಚೀಫ್ ಸಾಹೇಬ್ರು ಅನ್ನೋದು. ಅಕ್ಕನ ಕೈಗೆ ಫೋನ್ ನಂಬರಿನ ಕಾರ್ಡ್ ಕೊಟ್ಟು ಫೋಟೊ ತೆಗೆಸ್ಕೊಂಡರು. ಆಮೇಲೆ ಡಾಕ್ಟರಮ್ಮನನ್ನ ಆರು ತಿಂಗಳ ಟ್ರೇನಿಂಗಿಗೆ ಬೇರೆ ಊರಿಗೆ ಕಳಿಸಿದರು.

ನರ್ಸ್ ಮನೆಗೆ ಬಂದದ್ದು ಎರಡೇ ಸಲ. ಅವರನ್ನ ದುಡ್ಡಿದ್ದೋರ ಸ್ಪೆಷಲ್ ವಾರ್ಡಿಗೆ ಹಾಕಿದ್ದಾರೆ ಅಂತ ಆ ವಾರ್ಡಿನ ನೆಲ ಒರೆಸೋ ನನಗೆ ಗೊತ್ತಾಗದೆ ಇರುತ್ತಾ? ಹೋಗಿ ಕೇಳಿದೆ.

"ಎಲ್ಲ ಆ ನಂಬರ್ ಮೂಲಕವೇ ಬರಬೇಕಮ್ಮ. ಬಾಯಿಮಾತು ನಡೆಯಲ್ಲ," ಅಂದರು ಕರ್ಚೀಫ್ ಸಾಹೇಬ್ರು.

ಭಾವ ದಿನಾ ಫೋನ್ ಮಾಡೋರು. ರಿಂಗ್ ಆಗೋದು, ಯಾರೂ ಎತ್ತುತ್ತಿರಲಿಲ್ಲ.

ಆವತ್ತು ಬೆಳಗ್ಗೆ ಮೇಲಿನೋರು ಬರ್ತಾರೆ, ಮುಂದಿನ ವರ್ಷದ ಪ್ಲಾನ್ ಮೀಟಿಂಗ್ ಇದೆ ಅಂತ, ಐದು ತಿಂಗಳಿಂದ ಬೀಗ ಹಾಕಿದ್ದ ನೆಮ್ಮದಿ ಸೇವೆ ರೂಮಿನ ಕೀ ಕೊಟ್ಟು ಗುಡಿಸು ಅಂದರು. ಮೇಜಿನ ಮೇಲೆ ಬೆರಳು ದಪ್ಪ ಧೂಳು. ಕರೆ ಬರ್ಕೊಳ್ಳೋ ರಿಜಿಸ್ಟರಿನಲ್ಲಿ ಒಂದಕ್ಷರ ಇಲ್ಲ. ಅಷ್ಟರಲ್ಲಿ ಡ್ರಾಯರ್ ಒಳಗೆ ಏನೋ ಗುರ್ ಅಂತು. ಎಳೆದು ನೋಡಿದರೆ ಮೊಬೈಲು. ಚಾರ್ಜರಿಗೆ ಸಿಕ್ಕಿಸಿ ಒಳಗಿಟ್ಟಿದ್ದಾರೆ. ಎತ್ತಿದೆ.

"ಹಲೋ, ನೆಮ್ಮದಿ ಸೇವೇನಾ?"

"ಭಾವ, ನಾನು."

"ನೀನ್ಯಾಕೆ ತಗೊಂಡೆ? ನರ್ಸಮ್ಮನಿಗೆ ಕೊಡು."

"ಇಲ್ಲಿ ನರ್ಸಮ್ಮನೂ ಇಲ್ಲ, ಯಾರೂ ಇಲ್ಲ ಭಾವ. ಅಕ್ಕ ಹೆಂಗಿದ್ದಾಳೆ?"

"ಬೆಳಗ್ಗೆಯಿಂದ ಏದುಸಿರು. ಕಣ್ಣು ಮೇಲೆ ಮೇಲೆ ಹೋಗ್ತಿದೆ. ನನ್ನ ಕೈ ಬಿಡ್ತಿಲ್ಲ."

"ಡಾಕ್ಟರಮ್ಮ ಇವತ್ತು ಮೀಟಿಂಗಿಗೆ ಬಂದಿದ್ದಾರೆ. ಕರ್ಕೊಂಡೇ ಬರ್ತೀನಿ," ಅಂದೆ. ಫೋನು, ರಿಜಿಸ್ಟರು ಎರಡನ್ನೂ ಎತ್ತಿಕೊಂಡು ಮೂರು ಮಹಡಿ ಹತ್ತಿ ಓಡಿದೆ.

ಬಾಗಿಲಲ್ಲಿ ಟೀ ಟ್ರೇ ಹಿಡ್ಕೊಂಡಿದ್ದ ಜವಾನ ಇನ್ನೊಂದು ಕೈ ಅಡ್ಡ ಹಿಡಿದ. "ಟೀ ತಗೊಂಡು ಹೋಗೋರನ್ನ ಬಿಟ್ಟು ಯಾರನ್ನೂ ಬಿಡಬೇಡ ಅಂದಿದ್ದಾರೆ."

"ಹಾಗಾದ್ರೆ ಟ್ರೇ ಕೊಡು," ಅಂತ ಅವನ ಕೈಯಿಂದಲೇ ಕಿತ್ಕೊಂಡು ಒಳಗೆ ನುಗ್ಗಿದೆ.

ಗೋಡೆ ಮೇಲೆ ನಮ್ಮಕ್ಕನ ಫೋಟೊ ಇತ್ತು. ಕಾರ್ಡ್ ಹಿಡ್ಕೊಂಡು ನಗ್ತಿದ್ದಳು. ಅದರ ಪಕ್ಕ ದೊಡ್ಡಕ್ಷರದಲ್ಲಿ: ನೋಂದಾಯಿತ ರೋಗಿಗಳು ಮೂವತ್ತನಾಲ್ಕು. ಬಂದ ಕರೆ: ಸೊನ್ನೆ.

"ಅಂದ್ರೆ ಒಬ್ಬರಿಗೂ ತೊಂದರೆ ಇಲ್ಲ," ಅಂತಿದ್ದರು ಕರ್ಚೀಫ್ ಸಾಹೇಬ್ರು. "ಬೇಡಿಕೆಯೇ ಇಲ್ಲದ ಮೇಲೆ, ಮುಂದಿನ ಪ್ಲಾನಿನಲ್ಲಿ ಎರಡು ನರ್ಸ್ ಹುದ್ದೆ ಕೈಬಿಡಬಹುದು."

ಟ್ರೇ ಇಟ್ಟೆ. ಕಪ್ಪುಗಳ ಮಧ್ಯೆ ಫೋನೂ ಇಟ್ಟೆ.

"ಡಾಕ್ಟರಮ್ಮ, ನಮ್ಮಕ್ಕನಿಗೆ ಉಸಿರಾಡೋಕೆ ಆಗ್ತಿಲ್ಲ. ಈಗಲೇ ಬರಬೇಕು."

ಡಾಕ್ಟರಮ್ಮ ಎದ್ದು ನಿಂತರು. "ನರ್ಸ್ ಏನಂದ್ರು? ಔಷಧಿ ಕೊಟ್ರಾ?"

"ಯಾವ ನರ್ಸು? ಐದು ತಿಂಗಳಿಂದ ಒಂದು ನೊಣವೂ ಬಂದಿಲ್ಲ."

"ಮೀಟಿಂಗ್ ನಡೀತಿದೆ, ಕಾಣಲ್ವಾ? ಆಮೇಲೆ ಬಾ," ಅಂದರು ಕರ್ಚೀಫ್ ಸಾಹೇಬ್ರು.

ಆಗ ಫೋನು ಬಡ್ಕೊಳ್ಳೋಕೆ ಶುರು ಮಾಡಿತು. ಕಪ್ಪುಗಳೆಲ್ಲ ಗಡಗಡ ಅಂದವು.

"ಯಾರದ್ರೀ ಅದು, ಆಫ್ ಮಾಡಿ."

"ನಿಮ್ಮದೇ ಸಾರ್. ನಿಮ್ಮ ನೆಮ್ಮದಿ ಸೇವೇದು. ಎತ್ತಿ."

ಅವರು ಎತ್ತಲಿಲ್ಲ. ಕರ್ಚೀಫ್ ಹುಡುಕಿದರು. ನಾನೇ ಎತ್ತಿ, ಎಲ್ಲರಿಗೂ ಕೇಳೋ ಹಾಗೆ ಸ್ಪೀಕರ್ ಒತ್ತಿದೆ.

"ಹೇಳಿ ಭಾವ. ಡಾಕ್ಟರಮ್ಮ ಹೊರಟರು."

"ನರ್ಸಮ್ಮನಿಗೆ ಹೇಳ್ಬಿಡು," ಅಂದರು ಭಾವ. "ಇನ್ನು ಬರೋದು ಬೇಡ."

ಅಲ್ಲೇ ಒಂದು ಕುರ್ಚಿಯಲ್ಲಿ ಕೂತೆ. ಇಷ್ಟು ವರ್ಷ ಒರೆಸಿದ್ದೀನಿ, ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಅಕ್ಕ ಸಾಯ್ತಾಳೆ ಅಂತ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಆದರೆ ಒದ್ದಾಡಿ ಸಾಯ್ತೀನಿ ಅಂತ ಅವಳು ಒಪ್ಪಿರಲಿಲ್ಲ. ನರಳೋಕೆ ಬಿಡಲ್ಲ ಅಂತ ಮಾತು ಕೊಟ್ಟಿದ್ದರು.

ಕಂಕುಳಲ್ಲಿದ್ದ ರಿಜಿಸ್ಟರು ತೆಗೆದೆ. 'ಕರೆ ಒಂದು' ಅಂತ ಬರೆದೆ.

"ಏಯ್, ಅದು ಸರ್ಕಾರಿ ದಾಖಲೆ. ಮುಟ್ಟಬೇಡ. ನಾಳೆಯಿಂದ ನಿನಗೆ ಕೆಲಸ ಇರಲ್ಲ ನೋಡು."

"ನಾಳೆ ತಾನೆ ಸಾರ್? ಇವತ್ತು ಇದೆಯಲ್ಲ."

ಬರೆದೆ. ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವರು. ಉಸಿರಿಗೆ ಔಷಧಿ ಕೇಳಿದರು. ಯಾರೂ ಎತ್ತಲಿಲ್ಲ. ತೀರಿಕೊಂಡರು.

ಡಾಕ್ಟರಮ್ಮ ನನ್ನ ಪಕ್ಕ ಬಂದು ಪೆನ್ನು ತಗೊಂಡರು. ಕೆಳಗೆ ಸಹಿ ಹಾಕಿದರು. ಅವರ ಮುಖ ನೋಡೋಕೆ ನನಗಾಗಲಿಲ್ಲ.

ಫೋನು ಮತ್ತೆ ಹೊಡ್ಕೊಂಡಿತು. ಭಾವನ ನಂಬರ್ ಅಲ್ಲ, ಯಾರದೋ. ಕರ್ಚೀಫ್ ಸಾಹೇಬ್ರು ಕೈ ಚಾಚಿದರು. ನಾನು ಕೊಡಲಿಲ್ಲ.

"ಹಲೋ," ಅಂದೆ. "ಹೇಳಿ. ಬರ್ಕೊಳ್ತಾ ಇದ್ದೀನಿ."