ಸುಭಾಸನ ಹೆಬ್ಬಟ್ಟು

ತಂಬೂರೆಂಬ ಊರಿನ ಸುಭಾಸನ ಹೆಬ್ಬಟ್ಟು ಅಂದರೆ ಅಂತಿಂಥ ಹೆಬ್ಬಟ್ಟಲ್ಲ. ಊರಿದರೆ ಕಲ್ಲುಗುಂಡೂ ಆಕಳಿಸಿ ಮಗ್ಗಲು ಬದಲಿಸುತ್ತಿತ್ತು. ಗೋವಾದ ಹೋಟೆಲೊಂದರಲ್ಲಿ ಅವನು ಶಿಯಾತ್ಸು ಎಂಬ ಮೈ ಒತ್ತುವ ವಿದ್ಯೆ ಕಲಿತು ಬಂದ ಮೇಲೆ ಕಲಘಟಗಿ ತಾಲ್ಲೂಕಿನಲ್ಲಿ ಒಂದು ಸೊಂಟವೂ ನೋಯುವ ಧೈರ್ಯ ಮಾಡಲಿಲ್ಲ. ಸುಳ್ಳೆನ್ನುವವರು ತಮ್ಮ ಸೊಂಟವನ್ನೇ ಕೇಳಿಕೊಳ್ಳಲಿ.

ಗುಡಿಯ ಕಟ್ಟೆಯ ಮೇಲೆ ಚಾಪೆ ಹಾಸಿ, ಸಿಕ್ಕವರನ್ನು ಅಂಗಿ ಸಮೇತ ಮಲಗಿಸಿ ಅವನು ಪಾಠ ಹೇಳುತ್ತಿದ್ದ.

"ಎಣ್ಣಿ ಬ್ಯಾಡ, ತಿಕ್ಕೂದು ಬ್ಯಾಡ. ಶಿ ಅಂದ್ರ ಬೆರಳು, ಆತ್ಸು ಅಂದ್ರ ಒತ್ತೂದು. ಹೆಸರು ಜಪಾನದ್ದು, ಬೇರು ಚೀನಾದ್ದು. ಅಲ್ಲಿ ಹಳೇ ವೈದ್ಯರು ಏನಂತಾರ, ಮೈಯೊಳಗ 'ಚಿ' ಅಂತ ಜೀವಶಕ್ತಿ ಹರೀತೈತಿ."

"ನನಗ ಬರೇ ಮೂಗು ಹರೀತೈತಲೇ," ಅಂದ ಚಾಪೆಯ ಮೇಲೆ ಮಲಗಿದ್ದ ಅಕ್ಬರಸಾಬ.

"ನಮ್ಮ ಕೆರಿ ನೀರು ಕಾಲವ್ಯಾಗ ಗದ್ದಿಗೆ ಹೋಗೂದಿಲ್ಲೇನ್ರಿ ಕಾಕಾ? ಹಂಗ. ಕಸ ಸಿಕ್ಕು ಕಟ್ಟಿದ್ರ ರೋಗ. ಅಲ್ಲೇ ಹೆಬ್ಬಟ್ಟಿಟ್ಟು, ಮಲಗಿದವ್ರು ಉಸಿರು ಬಿಡೂ ಮುಂದ ಮೈಭಾರ ಹಾಕೂದು. ಕಟ್ಟಿದ್ದು ಬಿಡತೈತಿ. ಇದಕ್ಕ ಸಾಲಿ ಬೇಕಾಗಿಲ್ಲ, ಹೆಬ್ಬಟ್ಟಿದ್ರ ಸಾಕು!"

ಭತ್ತ ಬೆಳೆಯುವವರಿಗೆ ಕಾಲುವೆಯ ಮಾತು ಯಾರೂ ಬಿಡಿಸಿ ಹೇಳಬೇಕಿಲ್ಲ. ಊರಿಗೆ ಊರೇ ಒತ್ತತೊಡಗಿತು. ಗಂಡ ಹೆಂಡತಿಗೆ ಒತ್ತಿದ. ಅತ್ತೆ ಸೊಸೆಗೆ ಒತ್ತಿದಳು, ಇದು ಮೂರು ಲೋಕದಲ್ಲೇ ಮೊದಲು. ಒತ್ತಿಸಿಕೊಂಡ ಎಮ್ಮೆಯೊಂದು ಮರುದಿನ ಹಾಲಿನ ಬದಲು ಮೊಸರನ್ನೇ ಕೊಟ್ಟಿತು. ಎಲ್ಲಿ ಒತ್ತಬಾರದು ಎಂಬುದನ್ನೂ ಗೋವಾದ ಗುರು ಕಲಿಸಿದ್ದ. ಆದರೆ ಆ ಪಾಠಕ್ಕೆ ಕಟ್ಟೆಯ ಮೇಲೆ ಚಪ್ಪಾಳೆ ಬೀಳುವುದಿಲ್ಲವೆಂದು ಸುಭಾಸ ಅದನ್ನು ಬಿಟ್ಟುಬಿಟ್ಟಿದ್ದ.

ಅವನ ಅಕ್ಕ ಗೌರಕ್ಕ ಹಿತ್ತಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡು, ಆಪರೇಶನ್ ಆಗಿ, ತಿಂಗಳಿಂದ ಹಾಸಿಗೆ ಹಿಡಿದಿದ್ದಳು. ಒಂದು ಮುಂಜಾನೆ ಅವಳ ಗಂಡ ಶಿದ್ಲಿಂಗಪ್ಪ ಸುಭಾಸನನ್ನು ಕರೆಸಿದ. ತಮಾಷೆ ನೋಡಲು ಅರ್ಧ ಊರು ಬಾಗಿಲಿಗೆ ಬಂತು.

"ತಮ್ಮಾ, ಮೀನಖಂಡ ಹಿಡದಾವೋ. ಒಂದೀಟು ಒತ್ತು," ಎಂದಳು ಗೌರಕ್ಕ.

ಸುಭಾಸ ಸೀರೆಯಂಚು ಸರಿಸಿದ. ಎಡಗಾಲೊಂದೇ ಊದಿತ್ತು. ಮುಟ್ಟಿದರೆ ಬಿಸಿ. ಗುರು ಹೇಳಿದ್ದು ನೆನಪಾಯಿತು: ಹೀಗೆ ಕಂಡರೆ ಕೈ ಹಿಂದಕ್ಕೆ ತೆಗೆ. ಒಳಗೆ ರಕ್ತ ಹೆಪ್ಪುಗಟ್ಟಿರುತ್ತದೆ. ಒತ್ತಿದರೆ ಹೆಪ್ಪು ಕಳಚಿ ಎದೆಗೆ ಹೋಗುತ್ತದೆ, ಉಸಿರು ನಿಲ್ಲುತ್ತದೆ.

"ದವಾಖಾನಿಗೆ ಹೋಗೂಣ್ರಿ ಮಾವಾ. ಈಗಿಂದೀಗ."

"ಯಾಕಲೇ? ನಿನ್ನ ಹೆಬ್ಬಟ್ಟಿಗೂ ಬಗ್ಗದ ರೋಗ ಹುಟ್ಟೇತೇನು?"

"ಅಕ್ಕನ ಕಾಲು ಅಲ್ಲೇನ್ರಿ, ಪುಕ್ಕಟ ಕೆಲಸಕ್ಕ ಹೆಬ್ಬಟ್ಟಿಗೆ ಮೈಗಳ್ಳತನ!" ಅಂದ ಅಕ್ಬರಸಾಬ. ಎಲ್ಲರೂ ನಕ್ಕರು. ಗೌರಕ್ಕನೂ ನಕ್ಕಳು.

'ಇದು ನನಗೂ ಆಗದ್ದು, ಕಾಲು ಯಾರೂ ಮುಟ್ಟಬ್ಯಾಡ್ರಿ' ಎಂಬ ಮಾತು ಸುಭಾಸನ ಗಂಟಲಿಗೆ ಬಂದು ಅಲ್ಲೇ ಕಟ್ಟಿಕೊಂಡಿತು.

"ಇವತ್ತ ನನ್ನ ಕೈಯಾಗ ಚಿ ಇಲ್ರಿ," ಎಂದ. "ಗಾಡಿ ತರತೀನಿ."

ಊರಲ್ಲಿ ಬಾಡಿಗೆಗೆ ಓಡುವ ಗೌರೀಶನ ಜೀಪು ದೂರದ ಕಬ್ಬಿನ ಹೊಲದಲ್ಲಿತ್ತು. ಅಲ್ಲಿಗೆ ಸುಭಾಸ ಓಡಿದ ಓಟಕ್ಕೆ ಮೊಲಗಳು ನಾಚಿ ಪೊದೆ ಸೇರಿದವು. ಆದರೂ ತಡವಾಯಿತು.

ಜೀಪು ಬಂದಾಗ ಶಿದ್ಲಿಂಗಪ್ಪ ಪಡಸಾಲೆಯಲ್ಲಿ ಕೂತು ಬೆವರೊರೆಸಿಕೊಳ್ಳುತ್ತಿದ್ದ. ಮುಖದಲ್ಲಿ ಗೆದ್ದ ಕಳೆ.

"ಗಾಡಿ ಬ್ಯಾಡಾತು ಬಿಡಲೇ. ನಿನಗೊಬ್ಬಗ ಬರತೈತೆಂತ ತಿಳದಿಯೇನು? ಮೈಭಾರ ಬಿಟ್ಟು ಒತ್ತಿದ್ನೆಪಾ, ಕಾಲವಿ ಕೆಸರು ದೂಡಿದಂಗ, ಕೆಳಗಿಂದ ಮ್ಯಾಲಕ. ಕಟ್ಟಿದ್ದು ಬಿಟ್ಟ ಬಿಡ್ತು. ಒಮ್ಮೆ ಜೋರ ಉಸಿರು ಎಳದ್ಲು, ಅಗದಿ ಆರಾಮ ಮಲಗ್ಯಾಳ. ಎಬ್ಬಿಸಬ್ಯಾಡ."

ಸುಭಾಸ ಒಳಗೆ ಹೋದ. ಅಕ್ಕನ ತುಟಿ ನೀಲಿಯಾಗಿತ್ತು, ಕಣ್ಣು ಅರ್ಧ ತೆರೆದಿತ್ತು. ಅವಳ ಮಣಿಕಟ್ಟಿನ ಮೇಲೆ ಹೆಬ್ಬಟ್ಟಿಟ್ಟ. ಜಾಗ ಬದಲಿಸಿ ಇಟ್ಟ. ಕಲ್ಲುಗುಂಡನ್ನು ಎಬ್ಬಿಸುತ್ತಿದ್ದ ಹೆಬ್ಬಟ್ಟಿನ ಕೆಳಗೆ ಏನೂ ಹರಿಯಲಿಲ್ಲ.

"ಹೆಂಗೈತಿ?" ಹೊರಗಿನಿಂದ ಮಾವ ಕೂಗಿದ. "ಬರೊಬ್ಬರಿ ಒತ್ತೀನಿಲ್ಲೋ?"

ಸುಭಾಸ ಅಕ್ಕನ ಕೈ ಬಿಡಲಿಲ್ಲ.

"ಬರೊಬ್ಬರಿ ಒತ್ತೀರಿ ಮಾವಾ," ಎಂದ. "ನಾ ಕಲಿಸಿದಂಗ ಒತ್ತೀರಿ."